ಬೆಳ್ಳಿ ಮುಖದ ಮೋಟಾರು

ನಮ್ಮ ಮನೆಯ ಹೊಸ್ತಿಲನ್ನು ಎತ್ತಿ ಬದಿಗಿಡಬಹುದಿತ್ತು. ಮಸ್ಕಿಯ ಹಳೆಯ ಮನೆಗಳಲ್ಲಿ ತಲಬಾಗಿಲು ದಾಟಿದ ಕೂಡಲೇ ಒಂದು ಕಡೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಇನ್ನೊಂದು ಕಡೆ ಮನುಷ್ಯರು ಕೂಡುವ ಕಟ್ಟೆ. ನಮ್ಮಲ್ಲಿ ಎತ್ತುಗಳ ಮಗ್ಗುಲಿಗೆ ಒಂದು ಮೋಟಾರು ನಿಂತಿರುತ್ತಿತ್ತು. ಅದನ್ನು ಒಳಗೆ ತರುವುದಕ್ಕೆಂದೇ ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ತಲಬಾಗಿಲಿನ ಗೋಡೆ ಒಡೆಸಿ ಅಗಲ ಮಾಡಿಸಿದ್ದ. ಹೊಸ್ತಿಲನ್ನು ಬೇಕಾದಾಗ ಎತ್ತುವಂತೆ ಬಡಿಗನಿಂದ ಬೇರೆಯೇ ಮಾಡಿಸಿದ್ದ. ಮೋಟಾರು ಹೊರಗೆ ಹೋಗುವ ದಿನ ಹೊಸ್ತಿಲು ಎತ್ತಬೇಕು, ಅದು ತಿರುಗಿ ಬಂದ ಮೇಲೆ ಕೂರಿಸಿ ಅರಿಷಿಣ ಕುಂಕುಮ ಹಚ್ಚಬೇಕು. ಹೊಸ್ತಿಲು ಇಲ್ಲದ ಅಷ್ಟು ಹೊತ್ತೂ ನನ್ನ ಆಯಿ, ಮುತ್ಯಾನ ಹೆಂಡತಿ, ಬಾಗಿಲ ಬಳಿಯೇ ಕೂತು ಕಾವಲು ಕಾಯುತ್ತಿದ್ದಳು. ಏನು ಒಳಗೆ ಬರುತ್ತದೋ, ಯಾರು ಹೊರಗೆ ಹೋಗುತ್ತಾರೋ ಎಂದು ಅವಳಿಗೆ ಅಂಜಿಕೆ. ಆ ಅಂಜಿಕೆಯನ್ನು ಅವಳು ನನಗೆ ಎದೆಹಾಲಿನ ಹಾಗೆ ಕುಡಿಸಿದ್ದಳು. ಇವತ್ತಿಗೂ ಬಾಗಿಲು ತೆರೆದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಮೋಟಾರು ವಿಲಾಯತಿಯದು. ಕರಿಯ ಬಣ್ಣ, ಎತ್ತರದ ಗಾಲಿ, ಬಟ್ಟಲಗಣ್ಣಿನಂಥ ಎರಡು ದೀಪ. ನಿಜಾಮನ ರಾಜ್ಯ ಹೋದ ಮೇಲೆ ಜಹಗೀರು ಕಳೆದುಕೊಂಡ ಯಾರೋ ಒಬ್ಬನಿಂದ ಮುತ್ಯಾ ಅದನ್ನು ಕೊಂಡು ತಂದಿದ್ದ. ಎಂಜಿನ್ನಿನ ಮುಂದೆ ನೀರು ಹಾಕುವ ರೇಡಿಯೇಟರಿಗೆ ಒಂದು ಹೊಳೆಯುವ ಚೌಕಟ್ಟು ಇತ್ತು. ನಾವು ಅದನ್ನು ಮೋಟಾರಿನ ಮುಖ ಎನ್ನುತ್ತಿದ್ದೆವು. ಆ ಮುಖ ಅಪ್ಪಟ ಬೆಳ್ಳಿಯದು ಎಂದು ಮಾರಿದವನು ಹೇಳಿದ್ದನಂತೆ. ಮುತ್ಯಾ ನಂಬಿದ. ಮುತ್ಯಾ ನಂಬಿದ ಮೇಲೆ ಮನೆ ನಂಬಿತು, ಮನೆ ನಂಬಿದ ಮೇಲೆ ಮಸ್ಕಿ ನಂಬಿತು. ಲಿಂಗಸುಗೂರಿನ ತನಕ ನಮ್ಮನ್ನು ಬೆಳ್ಳಿ ಮೋಟಾರಿನ ಮನೆಯವರು ಎಂದೇ ಗುರುತು ಹಿಡಿಯುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದು ನಾನು ಕೇಳಿಲ್ಲ.

ವರ್ಷದಲ್ಲಿ ಆ ಮೋಟಾರು ಓಡಿದ್ದಕ್ಕಿಂತ ನಾವು ಅದನ್ನು ಒರೆಸಿದ್ದೇ ಹೆಚ್ಚು. ಅದಕ್ಕೆ ಮುತ್ಯಾನ ಕಟ್ಟಳೆಗಳಿದ್ದವು. ಎರೆಮಣ್ಣಿನ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಬಾರದು, ಮೊದಲು ನೀರು ಹನಿಸಿ ಧೂಳು ತಾನಾಗಿ ಇಳಿಯುವಂತೆ ಮಾಡಬೇಕು. ಒರೆಸುವ ಬಟ್ಟೆ ಮುತ್ಯಾನ ಹಳೆಯ ಧೋತರದ್ದೇ ಆಗಬೇಕು, ಅದರ ಅಂಚು ಹರಿದು ತೆಗೆದಿರಬೇಕು, ಏಕೆಂದರೆ ಅಂಚಿನ ದಾರದಿಂದ ಗೀರು ಬೀಳುತ್ತದೆ. ಕರಿಯ ಬಣ್ಣಕ್ಕೆ ಹೈದರಾಬಾದಿನಿಂದ ತಂದ ಡಬ್ಬಿಯ ಪಾಲಿಶು. ಅದನ್ನು ಹಚ್ಚುವುದಕ್ಕೆ ನಮ್ಮ ಹೊಲದ್ದೇ ಅರಳೆ. ಅರಳೆಯಿಂದ ಬೀಜ ಬಿಡಿಸುವುದು ನನ್ನ ಕೆಲಸ. ಒಂದು ಚೂರು ಸಿಪ್ಪೆ ಉಳಿದರೂ ಮೋಟಾರಿನ ಬಾಗಿಲ ಮೇಲೆ ಗೆರೆ ಎಳೆಯುತ್ತದೆ ಎಂದು ಹೆದರಿಸಿದ್ದರಿಂದ, ನಾನು ಬಿಡಿಸಿದ ಅರಳೆಯನ್ನು ತುಟಿಗೆ ಒತ್ತಿ ಒತ್ತಿ ನೋಡುತ್ತಿದ್ದೆ. ಇನ್ನು ಮುಖಕ್ಕೆ ಮಾತ್ರ ವಿಭೂತಿ. ನಾವು ಲಿಂಗವಂತರು. ಕೊರಳಲ್ಲಿ ಕಟ್ಟಿಕೊಳ್ಳುವ, ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಸೋಮವಾರಕ್ಕೊಮ್ಮೆ ವಿಭೂತಿ ಹಚ್ಚಿ ಬೆರಳಿನಿಂದ ತಿಕ್ಕಿ ಬೆಳಗುವ ರೂಢಿ. ಮೋಟಾರಿನ ಮುಖವೂ ಬೆಳ್ಳಿಯೇ ಅಲ್ಲವೆ? ಅದನ್ನೂ ಹಾಗೆಯೇ ತಿಕ್ಕಬೇಕು, ಅದೂ ಮಡಿಯಲ್ಲಿ, ಅದೂ ಆಯಿಯೇ.

ಆ ಮೋಟಾರು ಈಗ ಲಿಂಗಸುಗೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದೆ. ಈ ಕತೆ ನಡೆದಾಗ ಅವನು ಹುಟ್ಟಿರಲಿಲ್ಲ. ಮೊನ್ನೆ ಅದನ್ನು ಸಿಂಧನೂರಿನ ಒಂದು ಅಂಗಡಿಗೆ ಒಯ್ದಿದ್ದ, ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಂಗಡಿಯ ಬೋರ್ಡಿನ ಮೇಲೆ ಕಾರ್ ಡಿಟೇಲಿಂಗ್ ಎಂದು ಬರೆದಿದೆ. ಒಳಗೆ ಆಸ್ಪತ್ರೆಯಂತೆ ಬೆಳಕು, ನೊರೆ ಉಗುಳುವ ಪೈಪು, ಗರಗರ ತಿರುಗುವ ಸ್ಪಂಜಿನ ಮಷೀನು. ಕೈಗವಸು ಹಾಕಿಕೊಂಡ ಹುಡುಗರು ಭತ್ತದ ಗದ್ದೆಯ ಮಾಲೀಕರ ಹೊಸ ಕಾರುಗಳಿಗೆ ಏನೇನೋ ಲೇಪ ಬಳಿಯುತ್ತಿದ್ದರು. ನಮ್ಮ ಮೋಟಾರನ್ನು ನೋಡಿ ಕೆಲಸ ಬಿಟ್ಟು ಬಂದು ಫೋಟೋ ತೆಗೆದುಕೊಂಡರು. ಚೆನ್ನಾಗಿಯೇ ಮಾಡಿದರು, ನಾನು ಕೊಂಕು ತೆಗೆಯುವುದಿಲ್ಲ. ಆದರೆ ಮಷೀನು ಬಾನೆಟ್ಟಿನ ಮೇಲೆ ತಿರುಗಲು ಶುರುವಾದ ಕೂಡಲೇ ನಾನು ತಮ್ಮನ ತೋಳು ಹಿಡಿದುಕೊಂಡೆ. ತಮ್ಮ ನಕ್ಕ. ಅರವತ್ತು ದಾಟಿದ ಹೆಂಗಸು ಒಂದು ಮೋಟಾರು ಒರೆಸುವುದನ್ನು ನೋಡಿ ಹೆದರುವುದು ಯಾಕೆ ಎಂದು ಅವನಿಗೆ ತಿಳಿಯಬೇಕಾದರೆ ನಮ್ಮ ಅವ್ವನ ಸಂಗತಿ ಹೇಳಬೇಕು.

ಅವ್ವ ಗೊರೇಬಾಳದವಳು, ಕಾಲುವೆ ನೀರಿನ ಊರಿನವಳು. ನಮ್ಮದು ಜೋಳ, ಹತ್ತಿ ಬೆಳೆಯುವ ಒಣಬೇಸಾಯದ ಮನೆ. ಅವ್ವ ಕೊಡದಿಂದ ನೀರು ಬಗ್ಗಿಸಿದರೂ ಆಯಿ ಅವಳ ಕೈ ನೋಡುತ್ತಿದ್ದಳು. ಕಾಲುವೆಯವರಿಗೆ ನೀರಿನ ಬೆಲೆ ಗೊತ್ತಿಲ್ಲ, ಕಾಳಿನ ಬೆಲೆ ಗೊತ್ತಿಲ್ಲ ಎಂಬುದು ನಮ್ಮ ಮನೆಯ ದಿನದ ಮಾತು. ಒಂದು ಮಳೆಗಾಲದಲ್ಲಿ ಅಂಗಳದ ಹಗೇವಿನ ಬಾಯಿ ಸರಿಯಾಗಿ ಮುಚ್ಚದೆ, ನೆಲದೊಳಗೆ ತುಂಬಿಟ್ಟಿದ್ದ ಜೋಳಕ್ಕೆ ನೀರು ಇಳಿಯಿತು. ಮುಚ್ಚಿದವಳು ಅವ್ವ. ಮುತ್ಯಾ ಕೂಗಾಡಲಿಲ್ಲ, ಅವನು ಕೂಗಾಡುವ ಪೈಕಿಯೇ ಅಲ್ಲ. ಊಟ ಮುಗಿಸಿ ಕೈ ತೊಳೆದುಕೊಂಡು, ಸೊಸೆ ಸ್ವಲ್ಪ ದಿನ ತವರಿನಲ್ಲಿ ಇದ್ದು ಬರಲಿ ಎಂದ. ಅವ್ವ ಮಾರನೆಯ ದಿನ ಬಸ್ಸು ಹತ್ತಿದಳು. ನನಗೆ ಸಾಲೆ ಇದೆ ಎಂದು ನನ್ನನ್ನು ಇಟ್ಟುಕೊಂಡರು. ಆ ಸ್ವಲ್ಪ ದಿನ ಮುಗಿಯುವ ಹೊತ್ತಿಗೆ ಹೊಲದಲ್ಲಿ ಹತ್ತಿ ಒಡೆದಿತ್ತು. ಅಷ್ಟೂ ತಿಂಗಳು ನಾನು ಆಯಿಯ ಮಗ್ಗುಲಲ್ಲಿ ಮಲಗಿದೆ. ಆಯಿ ಒಳ್ಳೆಯವಳೇ, ಬೆಲ್ಲ ಕೊಡುತ್ತಿದ್ದಳು, ತಲೆ ಬಾಚುತ್ತಿದ್ದಳು. ಆದರೆ ಅವ್ವ ಯಾವಾಗ ಬರುತ್ತಾಳೆ ಎಂದು ಕೇಳಿದರೆ ಮುತ್ಯಾನ ಕಡೆ ಕಣ್ಣು ಹೊರಳಿಸಿ ಬೆಲ್ಲದ ಡಬ್ಬಿ ತೆಗೆಯುತ್ತಿದ್ದಳು.

ಅವ್ವ ತಿರುಗಿ ಬಂದಳು, ನನ್ನ ಅಂಜಿಕೆ ಮಾತ್ರ ತಿರುಗಿ ಹೋಗಲಿಲ್ಲ. ಸಾಲೆಯಿಂದ ಬಂದವಳೇ ಮೊದಲು ಅಡುಗೆಮನೆಗೆ ಓಡಿ ಅವ್ವ ಇದ್ದಾಳೋ ಇಲ್ಲವೋ ನೋಡುತ್ತಿದ್ದೆ. ಹಾಲು ಉಕ್ಕಿದರೆ, ರೊಟ್ಟಿ ಹೊತ್ತಿದರೆ, ಬಟ್ಟಲು ಕೈಜಾರಿ ಬಿದ್ದರೆ ಮುತ್ಯಾ ಎಲ್ಲಿದ್ದಾನೆ ಎಂದು ಓಡಿಹೋಗಿ ನೋಡುತ್ತಿದ್ದೆ. ಅವ್ವ ಎಷ್ಟು ಎಚ್ಚರದಿಂದ ಇರುತ್ತಿದ್ದಳೋ ಅದರ ಎರಡರಷ್ಟು ಎಚ್ಚರ ನನಗೆ. ಅಪ್ಪನನ್ನು ನೆಚ್ಚುವ ಹಾಗಿರಲಿಲ್ಲ. ಅಪ್ಪ ಹತ್ತಿಯ ಅಡತಿ ಅಂಗಡಿಯಲ್ಲಿ ಹತ್ತು ಜನರ ಎದುರು ದನಿ ಎತ್ತಿ ಮಾತಾಡುವ ಮನುಷ್ಯ, ಮುತ್ಯಾನ ಮುಂದೆ ಮಾತ್ರ ಹಸಿಬೆ ಚೀಲದೊಳಗಿನ ಬೆಕ್ಕು.

ಮರುವರ್ಷ ದಸರೆಯ ಖಂಡೇ ಪೂಜೆ, ಅಂದರೆ ಆಯುಧ ಪೂಜೆಯ ಹೊತ್ತಿಗೆ ಆಯಿಯ ಕೈಬೆರಳು ಬಾತು ಮಡಚಲು ಬಾರದಂತಾದವು. ಮೋಟಾರಿನ ಮುಖ ಬೆಳಗುವ ಕೆಲಸ ಆ ಸಲ ಮೊದಲ ಬಾರಿಗೆ ಅವ್ವನ ಪಾಲಿಗೆ ಬಂತು. ಮುತ್ಯಾ ಹಿಂದಿನ ದಿನ ಊಟಕ್ಕೆಂದು ಲಿಂಗಸುಗೂರಿಗೆ, ತನ್ನ ಮಗಳ ಮನೆಗೆ ಹೋಗಿದ್ದ. ಮಧ್ಯಾಹ್ನದ ಬಸ್ಸಿಗೆ ಬಂದು ಪೂಜೆ ಮಾಡುವವನಿದ್ದ. ಪೂಜೆಗೆ ಓಣಿಯ ಹಿರಿಯರು, ಅಂಗಡಿಕಾರರು ಎಲ್ಲ ಬರುತ್ತಿದ್ದರು. ಅದಕ್ಕೂ ಒಂದು ರೂಢಿ ಇತ್ತು: ಹೂವು ಏರಿಸುವ ಮೊದಲು ಮುತ್ಯಾ ಎಲ್ಲರೆದುರು ಒಂದು ಚಿಟಿಕೆ ವಿಭೂತಿ ತೆಗೆದುಕೊಂಡು ಮುಖವನ್ನು ತನ್ನ ಕೈಯಿಂದ ಒಮ್ಮೆ ತಿಕ್ಕುತ್ತಿದ್ದ. ಆಮೇಲೆಯೇ ಕಾಯಿ.

ಪೂಜೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ, ಎತ್ತೊಂದು ಹಗ್ಗ ಸಡಿಲ ಮಾಡಿಕೊಂಡು ರಾತ್ರಿಯಿಡೀ ಮೋಟಾರಿನ ಮುಖ ನೆಕ್ಕಿತ್ತು. ಉಪ್ಪಿನ ರುಚಿಗೋ ಏನೋ, ಅದಕ್ಕೆ ಆ ಚಟ ಮೊದಲಿನಿಂದಲೂ ಇತ್ತು. ಜೊಲ್ಲು ಒಣಗಿ ಮಬ್ಬು ಮಬ್ಬಾಗಿ ಕಲೆ ಕಟ್ಟಿತ್ತು. ಅವ್ವ ಮಡಿಯುಟ್ಟು, ಮಂಡಿಯೂರಿ, ವಿಭೂತಿ ಹಚ್ಚಿ ತಿಕ್ಕಲು ಕೂತಳು. ನಾನು ಪಕ್ಕದಲ್ಲಿ ಅರಳೆ ಹಿಡಿದು ನಿಂತೆ. ಒಲೆಯ ಮುಂದೆ ಆಯಿ ಎರಡೂ ಅಂಗೈಯಲ್ಲಿ ಸೌಟು ಹಿಡಿದು ಹೋಳಿಗೆಯ ಹೂರಣ ತಿರುವುತ್ತಿದ್ದಳು.

"ಹೋಗವಲ್ದ್ರಿ ಅತ್ತಿ," ಅಂದಳು ಅವ್ವ. "ಎಷ್ಟ್ ತಿಕ್ಕಿದ್ರೂ ಮಬ್ಬು ಹಂಗ ಐತಿ."

"ಹೆಂಗರ ಮಾಡಿ ತೆಗಿಯವ್ವ," ಅಂದಳು ಆಯಿ ಒಳಗಿನಿಂದ. "ಅವ್ರು ಬರೂದ್ರಾಗ ಮುಖ ಬೆಳ್ಳಗ ಆಗಿರ್ಬೇಕು. ಇಲ್ಲಂದ್ರ ನಿನಗ ಗೊತ್ತೈತಲ್ಲ."

ಗೊತ್ತಿತ್ತು. ನನಗೂ ಗೊತ್ತಿತ್ತು. ಅವ್ವ ಎದ್ದು ಹಿತ್ತಲಿಗೆ ಹೋಗಿ ಒಂದು ಇಟ್ಟಂಗಿ ಚೂರು ತಂದು ಪುಡಿ ಮಾಡಿದಳು, ಒಂದು ಉಂಡೆ ಹುಣಸೆಹಣ್ಣು ನೆನೆಹಾಕಿದಳು. ಗೊರೇಬಾಳದಲ್ಲಿ ಹಬ್ಬದ ಹಿಂದಿನ ದಿನ ಕೊಡ, ತಂಬಿಗೆ, ದೀಪದ ಸಮೆ ಎಲ್ಲವನ್ನೂ ಹೀಗೆಯೇ ಬೆಳಗುತ್ತಿದ್ದರು. ಅವ್ವನ ಕೈ ಆ ಕೆಲಸದಲ್ಲಿ ಪಳಗಿತ್ತು. ತಿಕ್ಕಿದಳು ನೋಡಿ, ಕಲೆ ಹೋಯಿತು. ನನ್ನ ಜೀವಕ್ಕೆ ಸಮಾಧಾನವಾಯಿತು. ಅವ್ವ ಖುಷಿಯಲ್ಲಿ ಇನ್ನೂ ನಾಲ್ಕು ಸಲ ಜೋರಾಗಿ ಕೈ ಆಡಿಸಿ ನೀರು ಹಾಕಿದಳು. ನೀರು ಇಳಿದ ಮೇಲೆ ಅಲ್ಲಿ ಅಂಗೈಯಗಲ ಹಳದಿ ಕಾಣಿಸಿತು.

ಮೊದಲು ಅರಿಷಿಣ ತಾಕಿದೆ ಅಂದುಕೊಂಡೆವು. ಅವ್ವ ಸೆರಗಿನಿಂದ ಒರೆಸಿದಳು. ಹಳದಿ ಇನ್ನೂ ಹೊಳೆಯಿತು. ಪಕ್ಕದಲ್ಲಿದ್ದ ನೀರಿನ ಕೊಡದ ಹೊಟ್ಟೆಯನ್ನು ನೋಡಿದಳು, ಮೋಟಾರಿನ ಮುಖ ನೋಡಿದಳು, ಮತ್ತೆ ಕೊಡ ನೋಡಿದಳು. ಎರಡೂ ಒಂದೇ. ಮೇಲೆ ತೆಳ್ಳಗೆ ನಿಕ್ಕಲ್ ಕೂರಿಸಿದ ಹಿತ್ತಾಳೆ ಅದು. ವರ್ಷಗಟ್ಟಲೆ ವಿಭೂತಿ ತಿಕ್ಕಿ ಸವೆದಿದ್ದ ನಿಕ್ಕಲ್ಲು ಇಟ್ಟಂಗಿ ಪುಡಿಗೆ ಬಿಟ್ಟುಕೊಂಡಿತ್ತು. ಇದನ್ನೆಲ್ಲ ನಾನು ಎಷ್ಟೋ ವರ್ಷಗಳ ನಂತರ ತಿಳಿದುಕೊಂಡೆ. ಅವತ್ತು ನನಗೆ ಕಂಡದ್ದು ಗೊರೇಬಾಳದ ಬಸ್ಸು. ಅವ್ವ ಆಯಿಯನ್ನು ಕರೆದಳು. ಆಯಿ ಬಂದು, ಬಗ್ಗಿ ನೋಡಿ, ಮೊದಲು ತಲಬಾಗಿಲಿನ ಕಡೆ ತಿರುಗಿದಳು, ಯಾರಾದರೂ ಬರುತ್ತಿದ್ದಾರೇನೋ ಎಂದು.

"ಅತ್ತಿ, ಇದು ಬೆಳ್ಳಿ ಅಲ್ರಿ."

"ಮೆಲ್ಲಕ ಮಾತಾಡು. ಕೆಳಗಿನ ಮೂಲ್ಯಾಗ ನಾ ಎಂದೋ ನೋಡೀನಿ, ಒಂದು ಬಟ್ಟು ಹಳದಿ. ದಿನಾ ಅದರ ಮ್ಯಾಲ ಈಟು ವಿಭೂತಿ ದಪ್ಪ ಹಚ್ಚಿ ಬಾಯಿ ಮುಚ್ಕೊಂಡು ಕುಂತೀನಿ. ನೀನೂ ಮುಚ್ಕೊಂಡು ಕುಂದ್ರು."

"ಒಂದು ಬಟ್ಟು ಆದ್ರ ಕುಂದ್ರಬೌದು. ಇದು ಅಂಗೈಯಷ್ಟ ಆಗೇತಿ."

ಅಪ್ಪ ಬಂದ. ನೋಡಿದವನೇ ತಲೆಯ ಮೇಲೆ ಕೈ ಇಟ್ಟುಕೊಂಡ. ಸಿಂಧನೂರಿನಲ್ಲಿ ಬೆಳ್ಳಿ ಬಣ್ಣದ ಪೇಂಟು ಸಿಗುತ್ತದೆ, ಈಗಲೇ ಹೋಗಿ ತರುತ್ತೇನೆ ಎಂದು ಅಂಗಿ ಹಾಕಿಕೊಂಡ. ಹಬ್ಬದ ದಿನ ಯಾವ ಅಂಗಡಿ ತೆರೆದಿರುತ್ತದೆ, ಬಸ್ಸು ಹಿಡಿದು ಹೋಗಿ ಬರುವುದರೊಳಗೆ ಪೂಜೆ ಮುಗಿದಿರುತ್ತದೆ ಎಂದು ಆಯಿ ಹೇಳಿದ ಮೇಲೆ ಅಂಗಿ ತೆಗೆದ. ಆಮೇಲೆ ಅವ್ವನ ಮೇಲೆ ಹರಿಹಾಯ್ದ.

"ನಿನಗ ಯಾರ್ ಹೇಳಿದ್ರು ಹುಣಸಿಹಣ್ಣು ಹಚ್ಚಂತ? ಈಗ ಅಪ್ಪಾಜಿಗೆ ಏನಂತ ಹೇಳ್ಬೇಕು ನಾ?"

"ನೀವೇನ್ ಹೇಳಬ್ಯಾಡ್ರಿ," ಅಂದಳು ಅವ್ವ. "ನೀವು ಎಂದ್ ಹೇಳೀರಿ?"

ಅಪ್ಪ ಹೊರಗೆ ನಡೆದ. ಕೊನೆಗೆ ಆಯಿಯೇ ಉಪಾಯ ಹುಡುಕಿದಳು. ಚೆಂಡುಹೂವಿನ ದಪ್ಪ ಮಾಲೆ ಕಟ್ಟಿ ಮೊದಲೇ ಏರಿಸಿಬಿಡುವುದು. ಬಸ್ಸು ತಡವಾದರೆ ಹೊತ್ತು ಮೀರಬಾರದೆಂದು ನಾವೇ ಏರಿಸಿದೆವು ಎಂದು ಹೇಳುವುದು. ನಾವು ಮೂವರೂ ಕೂತೆವು, ಆಯಿ ಹೂವು ಆರಿಸಿದಳು, ಅವ್ವ ಕಟ್ಟಿದಳು. ಒಲೆಯ ಮೇಲಿನ ಹೂರಣ ತಳ ಹಿಡಿದ ವಾಸನೆ ಬಂದರೂ ಯಾರೂ ಏಳಲಿಲ್ಲ. ನಾನು ಒಂದೊಂದು ಹೂವು ಕೊಡುವಾಗಲೂ ಮಸ್ಕಿಯ ಬಸ್ ಸ್ಟ್ಯಾಂಡಿನ ಕಡೆಯಿಂದ ಬರುವ ಹಾರ್ನಿಗೆ ಕಿವಿ ಕೊಟ್ಟಿದ್ದೆ. ಬಸ್ಸು ಪಂಕ್ಚರ್ ಆಗಲಿ ಎಂದು ಬೇಡಿಕೊಂಡೆ. ಮುತ್ಯಾನಿಗೆ ಲಿಂಗಸುಗೂರಿನಲ್ಲೇ ಜ್ವರ ಬರಲಿ ಎಂದೂ ಬೇಡಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಬಸ್ಸು ವೇಳೆಗೆ ಸರಿಯಾಗಿ ಬಂತು. ಮುತ್ಯಾ ಬಿಳಿ ಧೋತರ, ಬಿಳಿ ಅಂಗಿ, ಹಣೆಯ ಮೇಲೆ ಮೂರು ಬೆರಳ ವಿಭೂತಿಯೊಂದಿಗೆ ಬಂದು ಕಾಲು ತೊಳೆದುಕೊಂಡ. ಅಷ್ಟರಲ್ಲಿ ಜನ ಸೇರಿದ್ದರು. ಪಕ್ಕದ ಕಿರಾಣಿ ಅಂಗಡಿಯ ಬಸಣ್ಣ ಕಾಯಿ ಹಿಡಿದು ಮುಂದೆ ನಿಂತಿದ್ದ. ಮೋಟಾರಿನ ಕರಿಯ ಮೈ ಕನ್ನಡಿಯಾಗಿತ್ತು, ಅದರಲ್ಲಿ ನಿಂತವರ ರುಮಾಲುಗಳೆಲ್ಲ ಕಾಣುತ್ತಿದ್ದವು. ಮುತ್ಯಾ ಅದರ ಬಾಗಿಲ ಮೇಲೆ ಅಂಗೈ ಆಡಿಸಿ ಗೀರು ಇಲ್ಲದ್ದನ್ನು ನೋಡಿ ತಲೆದೂಗಿದ. ನನಗೆ ಅಷ್ಟಕ್ಕೇ ಮುಗಿಯಲಿ ಅನಿಸಿತು. ಮುಗಿಯಲಿಲ್ಲ. ಮಾಲೆ ನೋಡಿ ಹುಬ್ಬು ಗಂಟಿಕ್ಕಿದ.

"ಹೂವು ಯಾಕ ಮೊದಲ ಏರ್ಸೀರಿ?"

"ಹೊತ್ತು ಆಕ್ಕೈತಂತ..." ಎಂದಳು ಆಯಿ.

ಮುತ್ಯಾ ಮಾಲೆಯನ್ನು ಎತ್ತಿ ಬದಿಗೆ ಸರಿಸಿದ. ವಿಭೂತಿಯ ಚಿಟಿಕೆ ಹಿಡಿದ ಕೈ ಮೋಟಾರಿನ ಮುಖದ ತನಕ ಹೋಗಿ ಅಲ್ಲೇ ನಿಂತಿತು. ನಿಂತವರೆಲ್ಲ ಬಗ್ಗಿ ನೋಡಿದರು. ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆಯೊಳಗೆ ಇದು ಉಪ್ಪು ಖಾರ ಹಚ್ಚಿಕೊಂಡು ಊರೆಲ್ಲ ಸುತ್ತುತ್ತದೆ ಎಂದು ನನ್ನಂಥ ಹುಡುಗಿಗೂ ಗೊತ್ತಾಯಿತು.

"ಯಾರು ಮಾಡಿದ್ರು ಇದನ್ನ?"

ಆಯಿ ನೆಲ ನೋಡಿದಳು. ಅಪ್ಪ ಕಂಬದ ಮರೆಯಲ್ಲಿದ್ದ. ಬಾಯಿ ತೆರೆದಿದ್ದರೆ ಸಾಕಿತ್ತು, ಒಂದು ಮಾತು, ಏನಾದರೂ. ಅಪ್ಪನ ಮೇಲೆ ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟು ಅವನು ತೀರಿಹೋದ ಮೇಲೂ ಪೂರ್ತಿ ಇಳಿದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಮುಂದೆ ಬಂದಳು.

"ನಾ ಮಾಡೀನ್ರಿ ಮಾವಾರ. ಎತ್ತು ನೆಕ್ಕಿ ಕಲಿ ಆಗಿತ್ತು. ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದೆ."

"ಬೆಳ್ಳಿ ಹಾಳ ಮಾಡಿದಿ."

"ಬೆಳ್ಳಿ ಅಲ್ರಿ ಅದು. ಹಿತ್ತಾಳಿ ಐತಿ. ಮೊದಲಿಂದ ಹಿತ್ತಾಳೀನ ಇತ್ತು. ನಾ ತಿಕ್ಕಿದ್ದಕ್ಕ ಆಗಿಲ್ರಿ."

ಅಷ್ಟು ಜನರ ಮುಂದೆ ಮುತ್ಯಾನಿಗೆ ಯಾರೂ ಹೀಗೆ ಹೇಳಿದ್ದಿಲ್ಲ. ಮನೆಯ ಸೊಸೆಯಂತೂ ಇಲ್ಲವೇ ಇಲ್ಲ. ಆದರೂ ಅವನು ದನಿ ಎತ್ತಲಿಲ್ಲ.

"ನಾಳಿ ಮುಂಜಾನಿ ಬಸ್ಸಿಗೆ ಗೊರೇಬಾಳಕ್ಕ ಹೋಗು. ಕರೀಕಳಿಸಿದಾಗ ಬರೂವಂತಿ."

ನಾನು ಅವ್ವನ ಸೀರೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವಳ ಕೈ ಹುಣಸೆಹುಳಿಗೆ ಸುಕ್ಕಾಗಿ ಕೆಂಪಾಗಿತ್ತು, ಸೆರಗಿನ ತುದಿಯನ್ನು ಬಿಗಿಯಾಗಿ ಹಿಂಡುತ್ತಿತ್ತು. ಅವ್ವನಿಗೂ ಹೆದರಿಕೆಯಾಗುತ್ತದೆ ಎಂದು ಆ ಕೈ ನೋಡಿಯೇ ನನಗೆ ತಿಳಿದದ್ದು.

"ನಾ ಹೋಗಂಗಿಲ್ರಿ," ಅಂದಳು ಅವ್ವ.

ಹೋಗು ಎಂದರೆ ಟ್ರಂಕು ತುಂಬಿಕೊಂಡು ಹೋಗುವುದು, ಬಾ ಎಂದರೆ ಬರುವುದು, ಇಷ್ಟೇ ನನಗೆ ಗೊತ್ತಿದ್ದದ್ದು. ಆಯಿಗೂ ಅಷ್ಟೇ ಗೊತ್ತಿತ್ತು ಅಂತ ಕಾಣುತ್ತದೆ, ಅವಳು ತಲೆ ಎತ್ತಿ ಸೊಸೆಯನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಹೋಗುವುದಿಲ್ಲ ಎಂದೂ ಹೇಳಬಹುದು ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದೂ ಯಾರಿಗೂ ಗೊತ್ತಿರಲಿಲ್ಲ, ಮುತ್ಯಾನಿಗೂ. ಅವನು ಎರಡನೆಯ ಸಲ ಹೋಗು ಎನ್ನಲಿಲ್ಲ. ಮತ್ತೊಮ್ಮೆ ಹೇಳಿ, ಮತ್ತೊಮ್ಮೆ ಇಲ್ಲ ಎನಿಸಿಕೊಂಡರೆ ಎಂದು ಅವನೂ ಅಂಜಿದನೇನೋ.

ಬಸಣ್ಣ ಕೆಮ್ಮಿದ.

"ಪೂಜಿ ಹೊತ್ತು ಮೀರಾಕತ್ತೈತ್ರಿ ಗೌಡ್ರ."

ಮುತ್ಯಾ ಮೋಟಾರಿನ ಮುಖ ನೋಡಿದ. ಒಂದು ಕಡೆ ಬಿಳಿ, ಒಂದು ಕಡೆ ಹಳದಿ, ತೊನ್ನು ಬಂದಂತೆ ಇತ್ತು. ಚಿಟಿಕೆಯಲ್ಲಿದ್ದ ವಿಭೂತಿಯನ್ನು ಏನು ಮಾಡಬೇಕೆಂದು ತಿಳಿಯದೆ ತನ್ನ ಹಣೆಗೇ ಹಚ್ಚಿಕೊಂಡ. ಆಮೇಲೆ ಹೋಗಿ ಕಟ್ಟೆಯ ಮೇಲೆ ಕೂತ. ಆಯಿ ಮಾಲೆಯನ್ನು ಪೂರ್ತಿ ತೆಗೆದು ಮಡಿಲಲ್ಲಿ ಹಾಕಿಕೊಂಡಳು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಷ್ಟು ಜನರ ನಡುವೆ ಮೋಟಾರಿನ ಮುಂದೆ ಮಂಡಿಯೂರಿದಳು.

"ಅರ್ಧಾ ಬಿಟ್ಟು ಪೂಜಿ ಮಾಡಾಕ ಬರಂಗಿಲ್ಲ," ಎಂದು ಯಾರಿಗೋ ಹೇಳಿದಳು, ಯಾರಿಗೆ ಎಂದು ಗೊತ್ತಾಗಲಿಲ್ಲ. ಉಳಿದ ಬಿಳಿಯನ್ನು ತಿಕ್ಕಲು ಶುರುಮಾಡಿದಳು. ಎಲ್ಲರೂ ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ ಹುಣಸೆಹುಳಿಯ ಬಟ್ಟಲು ಬರಿದಾಯಿತು.

"ಪಾರಿ, ಒಳಗ ಹೋಗು. ಇನ್ನೊಂದೀಟು ಹುಣಸಿಹಣ್ಣು ತಗೊಂಡ್ ಬಾ."

ಅವಳ ಸೀರೆ ಬಿಟ್ಟು ಒಳಗೆ ಹೋಗುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಅವ್ವ ಮತ್ತೊಮ್ಮೆ ಹೇಳಿದಳು. ಹೋದೆ, ಗಡಿಗೆಯಿಂದ ಒಂದು ಉಂಡೆ ತೆಗೆದುಕೊಂಡೆ, ಬಂದೆ. ಅವ್ವ ಅಲ್ಲೇ ಇದ್ದಳು.